ಎಲ್ಸಾ ಹಾಕಿದ ಗುರುತು

ಪೆನ್ಸಿಲ್ ಹೆರೆದ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬೇರೆಯವರಿಗೆ ಆ ವಾಸನೆಯಿಂದ ಒಂದನೇ ಕ್ಲಾಸು ನೆನಪಾಗುತ್ತದಂತೆ, ಕಂಪಾಸ್ ಬಾಕ್ಸು ನೆನಪಾಗುತ್ತದಂತೆ. ನನಗೆ ನೆನಪಾಗುವುದು ಸೋಲ್ನಾದ ಒಂದು ನೆಲಮಾಳಿಗೆ, ೨೦೦೬ರ ಚಳಿಗಾಲ ಮತ್ತು ನನ್ನ ಬಲಗೈ ಮಾಡಿದ ಒಂದು ಕೆಲಸ. ಮೊನ್ನೆ ಮಗಳು ಅಡುಗೆಮನೆಯ ಮೇಜಿನ ಹತ್ತಿರ ಕೂತು ಪೆನ್ಸಿಲ್ ಹೆರೆಯುತ್ತಿದ್ದಳು. ಒಗ್ಗರಣೆ ಇಟ್ಟಿದ್ದ ನಾನು ಸಾಸಿವೆ ಸೀದು ಹೊಗೆಯಾಡುವವರೆಗೂ ಸುಮ್ಮನೆ ನಿಂತುಬಿಟ್ಟೆ.

ಆಗ ನಾವು ಸ್ವೀಡನ್ನಿನ ರಾಜಧಾನಿಯ ಹೊರವಲಯದ ಸೊಲ್ಲೆಂಟುನಾದಲ್ಲಿದ್ದೆವು. ನನ್ನ ಗಂಡ ಸತೀಶನಿಗೆ ಪಕ್ಕದಲ್ಲೇ, ಐಟಿ ಕಂಪನಿಗಳ ಕಿಸ್ತಾದಲ್ಲಿ ಕೆಲಸ. ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಅವನ ವರ್ಕ್ ಪರ್ಮಿಟ್ಟಿನ ಬೆನ್ನಿಗೆ ಅಂಟಿಕೊಂಡು ಬಂದವಳು. ಎರಡು ವರ್ಷ ಕೊಮ್ಯೂನ್ ಎಂಬ ಇಲ್ಲಿನ ಪುರಸಭೆಯವರು ನಡೆಸುವ ಸ್ವೀಡಿಷ್ ತರಗತಿಗೆ ಮಣ್ಣು ಹೊತ್ತೆ. ನಾಲ್ಕು ವರ್ಷದ ಮಗಳು ಅಮೂಲ್ಯ ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗತೊಡಗಿದ ಮೇಲೆ ಸೋಲ್ನಾದ ಒಂದು ಸಣ್ಣ ದಾಖಲೆ ಸಂಗ್ರಹದಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು. ಅದರ ಹೆಸರು ಹೇಳುವುದಿಲ್ಲ. ಹಳೆಯ ಕಾಗದಗಳನ್ನು ಒಂದೊಂದಾಗಿ ಎತ್ತಿ, ಗಾಜಿನ ಕೆಳಗಿಟ್ಟು, ಸ್ಕ್ಯಾನ್ ಮಾಡಿ, ಮತ್ತೆ ಕಟ್ಟಿಗೆ ಸೇರಿಸುವುದು, ಇಷ್ಟೇ ಕೆಲಸ. ಬೆಳಿಗ್ಗೆ ಕತ್ತಲಲ್ಲಿ ಲೋಕಲ್ ರೈಲು ಹತ್ತಿ, ಸಂಜೆ ಕತ್ತಲಲ್ಲಿ ಇಳಿಯುವ ದಿನಗಳು. ನಡುವೆ ಎಲ್ಲೋ ಸೂರ್ಯ ಬಂದು ಹೋಗಿರುತ್ತಿದ್ದ. ನೆಲಮಾಳಿಗೆಯಲ್ಲಿದ್ದ ನಮಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ.

ಆ ಕಾಗದಗಳು ಹೊಸ ಒಕ್ಕಲುಗಳವು. ನೂರಿಪ್ಪತ್ತು, ನೂರಮೂವತ್ತು ವರ್ಷದ ಹಿಂದೆ ಸ್ವೀಡನ್ನಿನ ಉತ್ತರದ ಕಾಡುಸೀಮೆಗೆ ಹೋಗಿ ಮರ ಕಡಿದು, ಬೇರು ಕಿತ್ತು, ಜೌಗು ಬಸಿದು ನೆಲ ಮಾಡಿಕೊಂಡ ಜನ. ನಮಗಿಷ್ಟು ಹುಲ್ಲುಗಾವಲು ಕೊಡಿ, ಈ ವರ್ಷ ಹಿಮ ಬಿದ್ದು ಬಾರ್ಲಿ ಹೋಯಿತು, ಕಂದಾಯ ಬಿಡಿ ಎಂದು ಅವರು ಪ್ರಾಂತ್ಯದ ಗವರ್ನರನಿಗೆ ಕೊಟ್ಟ ಅರ್ಜಿಗಳು. ಹಿಂಬದಿಯಲ್ಲಿ ಗವರ್ನರನ ಷರಾ ಬರೆಸಿಕೊಂಡು ಮರಳಿ ಬಂದವು. ಇಡೀ ಕಟ್ಟು ಸಿಕ್ಕಿದ್ದು ಯೋನಾಸ್ ಎಂಬ ಮೇಷ್ಟ್ರ ಮನೆಯ ಅಟ್ಟದಲ್ಲಿ. ಆತ ಒಕ್ಕಲಿಂದ ಒಕ್ಕಲಿಗೆ ಹಿಮದಲ್ಲಿ ನಡೆದು ಮಕ್ಕಳಿಗೆ ಅಕ್ಷರ ಹೇಳುತ್ತಿದ್ದವನು. ಹಾಗಾಗಿ ಐವತ್ತಕ್ಕೂ ಹೆಚ್ಚು ಅರ್ಜಿಗಳು ಕ್ಯಾಟಲಾಗಿನಲ್ಲಿ ಅವನೊಬ್ಬನ ಹೆಸರಿನಲ್ಲೇ ಏರಿದ್ದವು.

ನನ್ನ ಮೇಲಿನವಳು ಮರಿಯಾನ. ಜಾಹೀರಾತು ಕಂಪನಿಯಿಂದ ಬಂದವಳು, ಚೆಂದದ ಸ್ಕಾರ್ಫ್ ಸುತ್ತಿಕೊಳ್ಳುವವಳು, ದನಿ ಎತ್ತಿ ಮಾತಾಡಿದ್ದು ಒಮ್ಮೆಯೂ ಇಲ್ಲ. ಹಳೆಯ ಕಾಗದದ ಒಳಹೊರಗು ಬಲ್ಲ ಹಿರಿಯ ದಾಖಲೆಗಾರ ಹಿಂದಿನ ಬೇಸಿಗೆಯಲ್ಲೇ ನಿವೃತ್ತನಾಗಿದ್ದ. ಏಪ್ರಿಲ್‌ನಲ್ಲಿ ಈ ಕಾಗದಗಳ ಪ್ರದರ್ಶನ. ನಾಯಕ ಯೋನಾಸ್. ಹೆಸರು 'ಖಾಲಿ ನೆಲದ ಧ್ವನಿ'.

"ಸರೋಯಾ," ಎಂದಳು ಮೊದಲ ದಿನವೇ. ನನ್ನ ಹೆಸರು ಸರೋಜ, ಅವರ ಬಾಯಲ್ಲಿ ಅದು ಸರೋಯಾ. "ಬರಹ ಇರುವಷ್ಟು ಭಾಗಕ್ಕೆ ಚೌಕಟ್ಟು ಇಡು. ಕೆಳಗಿನ ಖಾಲಿ ಜಾಗ, ಕಲೆ, ಗೀಚು ಏನೂ ಬೇಡ. ಸ್ಕ್ಯಾನ್ ನೋಡಿ ಹೊರಗಿನವರು ಟೈಪ್ ಮಾಡುತ್ತಾರೆ, ಅವರಿಗೆ ಗೊಂದಲ ಆಗಬಾರದು."

ಆಗಲಿ ಅಂದೆ. ಎರಡು ತಿಂಗಳು ಹಾಗೇ ಚೌಕಟ್ಟು ಇಟ್ಟೆ. ಇದನ್ನು ಮರೆಮಾಚುವುದಿಲ್ಲ. ಆ ಗೀಚುಗಳನ್ನು ಕತ್ತರಿಸಿದವಳು ನಾನೇ.

ಜನವರಿಯ ಒಂದು ದಿನ ಸ್ಕ್ಯಾನರ್ ಕೆಟ್ಟಿತು. ಕೈಯಲ್ಲಿ ಕೆಲಸವಿಲ್ಲದೆ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನೋಡುತ್ತಾ ಕೂತೆ. ಆ ಹಳೆಯ ಮೋಡಿ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದೇ ಒಳ್ಳೆಯದಾಯಿತು, ಬರೀ ಕಣ್ಣಿಂದ ನೋಡಿದೆ. ಕೈ ಒಂದೇ, ಶಾಯಿ ಒಂದೇ. ಆದರೆ ಕೆಳಗಿನ ಗೀಚು ಮಾತ್ರ ಒಂದೊಂದರಲ್ಲೂ ಬೇರೆ. ಒಂದರಲ್ಲಿ ಮೂರು ಗೆರೆ, ಒಂದರಲ್ಲಿ ಏಣಿಯಂಥದ್ದು, ಒಂದರಲ್ಲಿ ನಿಂತ ಕಡ್ಡಿ, ಅದರ ನೆತ್ತಿಗೆ ಎರಡು ಕೊಂಬು, ಬುಡಕ್ಕೆ ಅಡ್ಡಗೆರೆ. ಅವುಗಳ ಶಾಯಿ ದಪ್ಪ. ಲೇಖನಿ ಹಿಡಿದು ಅಭ್ಯಾಸವಿಲ್ಲದ ಕೈ ಒತ್ತಿ ಎಳೆದದ್ದು.

ನನಗೆ ಅಲ್ಲೇ ಶಿರಾದ ತಾಲ್ಲೂಕು ಕಚೇರಿ ಕಂಡಿತು.

ನಮ್ಮ ತಾತ ಆ ಕಚೇರಿಯ ಮುಂದಿನ ಹೊಂಗೆ ಮರದಡಿ ಅರ್ಜಿ ಬರೆಯುತ್ತಿದ್ದವರು. ರಜೆಯಿದ್ದರೆ ನಾನು ಅವರ ಪಕ್ಕದ ಚಾಪೆಯ ಮೇಲೆ. ನನ್ನ ಕನ್ನಡ ಅಲ್ಲಿ ಕಲಿತದ್ದು. ಹೆಂಗಸೊಬ್ಬಳು ಬಂದು ಗಂಡನ ಅಣ್ಣನ ಮೇಲೆ ಒಂದು ಗಂಟೆ ಬೈದರೆ ತಾತ ಅದರಲ್ಲಿ ಬೈಗುಳ ತೆಗೆದು, ಅಳು ಉಳಿಸಿ, ಎರಡು ಪುಟ ಬರೆಯುತ್ತಿದ್ದರು. ಪೂರ್ತಿ ಓದಿ ಹೇಳುತ್ತಿದ್ದರು. "ಸರಿ ಐತೇನಮ್ಮ?" ಅವಳು ತಲೆಯಾಡಿಸಿದ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಅದರ ಪಕ್ಕದಲ್ಲಿ, ಇದು ಇಂಥವಳು ಓದಿಸಿ ಕೇಳಿ ಒಪ್ಪಿ ಹಾಕಿದ ಗುರುತು ಎಂದು ಬರೆದು, ಕೊನೆಗೆ 'ಬಿಕ್ಕಲಂ' ಎಂದು ತಮ್ಮ ಹೆಸರು ಹಾಕುತ್ತಿದ್ದರು. ಬರೆದ ಕೈ ನನ್ನದು, ಮಾತು ಅವಳದು ಅಂತ ಅದರ ಅರ್ಥ. ಒಂದು ಸಲ ಕೇಳಿದೆ, ಇಷ್ಟೆಲ್ಲ ಯಾಕೆ ತಾತ, ಹೆಬ್ಬೆಟ್ಟು ಇದೆಯಲ್ಲ?

"ಏ ಮಗಾ, ಹೆಬ್ಬೆಟ್ಟು ಒತ್ತಿಸ್ಕಂಡ್ರೆ ಸಾಲ್ದು. ಯಾರ್ದು ಅಂತ ಪಕ್ಕದಾಗೆ ಬರೀದೆ ಹೋದ್ರೆ ಅದು ಬರೀ ಮಸಿ. ನಾಳೆ ಯಾವನಾದ್ರೂ ಒರೆಸ್ಕಂಡು ಹೋಗ್ತಾನೆ."

ಯೋನಾಸ್ ಮೇಷ್ಟ್ರು ಬಿಕ್ಕಲಂ, ಅಷ್ಟೇ. ಆದರೆ ಪುಣ್ಯಾತ್ಮ ಗುರುತಿನ ಪಕ್ಕ ಹೆಸರು ಬರೆದಿರಲಿಲ್ಲ. ಟೈಪಾಗಿ ಬಂದ ಒಕ್ಕಣೆಯೊಳಗೂ ಬರೀ 'ನಾನು'. ಅವನ ಸೀಮೆಯಲ್ಲಿ ಯಾವ ಗುರುತು ಯಾವ ಮನೆಯದು ಎಂದು ಎಲ್ಲರಿಗೂ ಗೊತ್ತಿತ್ತು. ಬರೆಯಬೇಕೆಂದು ತೋಚಲಿಲ್ಲವೇನೋ.

ಮರಿಯಾನಳಿಗೆ ಹೇಳಿದೆ. ಅವಳು ನಕ್ಕಳು, ಒಳ್ಳೆಯ ನಗುವೇ. "ಅವು ಕಚೇರಿಯವರು ಕಾಗದ ಜೋಡಿಸಲು ಹಾಕಿಕೊಂಡ ಗುರುತು ಸರೋಯಾ."

"ಇದರಲ್ಲಿ ಅರ್ಜಿದಾರಳು ವಿಧವೆ ಅಂತ ಟೈಪಾಗಿ ಬಂದಿದೆ. ಗಂಡ ಹಿಮದಲ್ಲಿ ಸತ್ತ ಅಂತ ಇದೆ. ಯೋನಾಸ್ ಗಂಡಸಲ್ಲವಾ?"

"ಅದೇ ಅವನ ದೊಡ್ಡತನ. ಹೆಣ್ಣಿನ ಮನಸ್ಸಿನೊಳಗೆ ಹೊಕ್ಕು ಬರೆಯಬಲ್ಲವನು. ಅವನೊಳಗೊಬ್ಬ ಕಥೆಗಾರ ಇದ್ದ."

ಗವರ್ನರನಿಗೆ ಕಥೆ ಬರೆದು ಕಳಿಸುತ್ತಿದ್ದನಂತೆ! ಗವರ್ನರ್ ಅದನ್ನು ಓದಿ ಹಿಂಬದಿಗೆ ಹುಲ್ಲುಗಾವಲು ಮಂಜೂರು ಮಾಡುತ್ತಿದ್ದನಂತೆ! ಆ ರಾತ್ರಿ ಸತೀಶನ ಮುಂದೆ ಕೂಗಾಡಿದೆ.

"ನಿಂಗ್ ಈ ಕೆಲ್ಸ ಸಿಕ್ಕಿರೋದೇ ಲಕ್ ಕಣೇ," ಎಂದ ಅವನು ತಟ್ಟೆ ತೊಳೆಯುತ್ತಾ. "ಅವ್ರ್ ಪೇಪರ್ರು, ಅವ್ರ್ ಅಜ್ಜಂದ್ರು. ಸುಮ್ನೆ ಸ್ಕ್ಯಾನ್ ಮಾಡ್ಕೊಂಡ್ ಬಾ."

ಅಮೂಲ್ಯ ಸ್ವೀಡಿಷ್‌ನಲ್ಲಿ, ಅಮ್ಮ ಯಾಕೆ ಕಿರಿಚುತ್ತಿದ್ದಾಳೆ ಎಂದು ಅಪ್ಪನನ್ನು ಕೇಳಿದಳು. ಅದಕ್ಕೂ ಸಿಟ್ಟು ಬಂತು.

ಬೆರಿತ್ ಅಜ್ಜಿ ಬಂದದ್ದು ಫೆಬ್ರವರಿಯ ಮೊದಲ ವಾರ. ಎಂಬತ್ತು ದಾಟಿದ ಹೆಂಗಸು. ಕಾಡುಸೀಮೆಯಿಂದ ಇಡೀ ರಾತ್ರಿ ರೈಲಿನಲ್ಲಿ ಕೂತು ಬಂದಿದ್ದರು. ಈ ಭಾಷೆಯಲ್ಲಿ ರಾಜನನ್ನು ಬಿಟ್ಟರೆ ಎಲ್ಲರೂ 'ನೀನು'. ಬಾಯಲ್ಲಿ ಹಾಗೇ ಅಂದರೂ ನನ್ನ ಮನಸ್ಸಿನಲ್ಲಿ ಅವರು 'ನೀವು' ಆಗಿಯೇ ಉಳಿದರು. ಹೌದು ಅನ್ನಬೇಕಾದರೆ ಆ ಸೀಮೆಯವರು ತುಟಿ ಚೂಪು ಮಾಡಿ ಉಸಿರು ಒಳಗೆಳೆದುಕೊಳ್ಳುತ್ತಾರೆ, 'ಶ್ಯುಪ್' ಅಂತ ಒಂದು ಸದ್ದು, ಅದೇ ಹೌದು. ಅವರ ಮಾತು ನನ್ನ ಕಿವಿಗೆ ನಮ್ಮೂರ ಮುದುಕಿಯರ ಮಾತಿನ ಹಾಗೇ ಕೇಳಿಸಿತು. ಹಾಗೇ ಬರೆಯುತ್ತೇನೆ.

"ನಮ್ಮಜ್ಜಿ ಎಲ್ಸಾ. ಅವಳ ಅರ್ಜಿ ನಿಮ್ ತಾವ ಐತೆ ಅಂದ್ರು."

ಮರಿಯಾನ ಕಂಪ್ಯೂಟರ್ ಒತ್ತಿ ನೋಡಿ, ಆ ಹೆಸರಿನಲ್ಲಿ ಏನೂ ಇಲ್ಲವಲ್ಲ ಎಂದಳು.

ವಿಷಯ ಇಷ್ಟು. ಕೆರೆಯ ದಂಡೆಯಲ್ಲಿ ಬೆರಿತ್ ಅಜ್ಜಿಯ ಒಂದು ಮರದ ಗುಡಿಸಲು, ಬಲೆ ಬೀಸುವ ಜಾಗ. ಎಲ್ಸಾಳ ಕಾಲದಿಂದ ಅವರದೇ. ಈಗೊಂದು ಮರದ ಕಂಪನಿ, ದಂಡೆ ನಮ್ಮದು ಎನ್ನುತ್ತಿತ್ತು. ಗವರ್ನರ್ ಅದನ್ನು ಕೊಟ್ಟದ್ದು ಯೋನಾಸ್‌ಗೆ, ಯೋನಾಸನ ಮಕ್ಕಳು ನಮಗೆ ಮಾರಿದರು ಎಂದು ಅವರ ವಾದ. ಷರಾದಲ್ಲಿ 'ಅರ್ಜಿದಾರರಿಗೆ' ಎಂದಷ್ಟೇ ಇತ್ತು, ಸಾಕ್ಷಿಗೆ ನಮ್ಮ ಸಂಗ್ರಹದ ಕ್ಯಾಟಲಾಗೇ ಇತ್ತಲ್ಲ, ಅರ್ಜಿದಾರ ಯೋನಾಸ್ ಅಂತ! ಮಾರ್ಚ್ ಮೊದಲಲ್ಲಿ ವಿಚಾರಣೆ.

ಅಜ್ಜಿ ಚೀಲದಿಂದ ಮರದ ಒಂದು ಬೆಣ್ಣೆ ಡಬ್ಬಿ ತೆಗೆದರು. ಕೈಸವೆದು ಕಪ್ಪಾಗಿತ್ತು. ಮಗುಚಿ ತೋರಿಸಿದರು. ತಳದಲ್ಲಿ ಸುಟ್ಟು ಮೂಡಿಸಿದ ಗುರುತು, ನಿಂತ ಕಡ್ಡಿ, ನೆತ್ತಿಗೆ ಎರಡು ಕೊಂಬು, ಬುಡಕ್ಕೆ ಅಡ್ಡಗೆರೆ.

ಓಡಿಹೋಗಿ ಆ ಅರ್ಜಿ ತಂದು ಪಕ್ಕದಲ್ಲಿಟ್ಟೆ. ಎರಡೂ ಒಂದೇ. ಅಜ್ಜಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೆರಳು ಕಾಗದದ ಹತ್ತಿರ ಒಯ್ದು, ಮುಟ್ಟದೆ, ಗಾಳಿಯಲ್ಲೇ ಆ ಗೆರೆಗಳನ್ನು ತಿದ್ದಿದರು. ಆಮೇಲೆ ಗೋಡೆಯ ಮೇಲಿನ ಪ್ರದರ್ಶನದ ಪೋಸ್ಟರ್ ಕಡೆ ಕತ್ತೆತ್ತಿದರು.

"ಖಾಲಿ ನೆಲವಂತೆ! ಆ ಕೆರೆಯಾಗೆ ಮೀನು ಎಲ್ಲಿ ನಿಲ್ತದೆ ಅಂತ ನಮ್ಮಜ್ಜಿಗೆ ತೋರ್ಸಿಕೊಟ್ಟೋರು ಆ ಕಾಡಿನ ಮೂಲದ ಸಾಮಿ ಅನ್ನೋ ಜನ. ನಮಗಿಂತ ಮುಂಚೆ ಹಿಮಸಾರಂಗದ ಮಂದೆ ಹೊಡ್ಕಂಡು ಓಡಾಡ್ತಿದ್ರು ಅಲ್ಲಿ. ಯಾವ ದಡ್ಡ ಇಟ್ಟಿದ್ದು ಈ ಹೆಸ್ರು?"

ಇಟ್ಟವಳು ಪಕ್ಕದಲ್ಲೇ ನಿಂತಿದ್ದಳು. ಸ್ಕಾರ್ಫ್ ಸರಿಮಾಡಿಕೊಂಡು, "ಬಹಳ ಆಸಕ್ತಿಕರ," ಎಂದಳು. "ಇದನ್ನು ಸಲಹಾ ಗುಂಪಿನ ಸಭೆಯಲ್ಲಿ ಇಡೋಣ."

"ಸಭೆ ಯಾವಾಗ?" ನಾನು ಕೇಳಿದೆ.

"ಉದ್ಘಾಟನೆ ಆದ ಮೇಲೆ. ಏಪ್ರಿಲ್ ಕೊನೆ."

"ವಿಚಾರಣೆ ಮಾರ್ಚ್‌ನಲ್ಲಿ!"

"ಎಲ್ಲರೂ ಒಪ್ಪದೆ ಕ್ಯಾಟಲಾಗ್ ತಿದ್ದುವ ಹಾಗಿಲ್ಲ ಸರೋಯಾ. ಬೇಕಿದ್ದರೆ ಈಗಿರುವ ಸ್ಕ್ಯಾನಿನ ದೃಢೀಕೃತ ಪ್ರತಿ ಕೊಡಬಹುದು."

ಈಗಿರುವ ಸ್ಕ್ಯಾನ್! ಕೆಳಗಿನ ಗುರುತು ಕತ್ತರಿಸಿ ಯೋನಾಸನ ಹೆಸರು ಹೊತ್ತ ಪ್ರತಿ! ಅದನ್ನು ಹಿಡಿದು ಅಜ್ಜಿ ಹೋದರೆ ಕಂಪನಿಯವರು ಕೂರಿಸಿ ಕಾಫಿ ಕೊಟ್ಟಾರು. ಜಗಳವಾಡಲು ಬಾಯಿ ತೆರೆದೆ. ಅಲ್ಲಿ ಜಗಳವೇ ಇರಲಿಲ್ಲ. ನಮ್ಮೂರಿನ ಕಚೇರಿಯಲ್ಲಾಗಿದ್ದರೆ ಗುಮಾಸ್ತ ಗದರುತ್ತಾನೆ, ನಾವೂ ಗದರುತ್ತೇವೆ, ಕೊನೆಗೆ ಸಾಹೇಬ ಒಳಗಿಂದ ಬಂದು ಏನ್ರೀ ಅದು ಗಲಾಟೆ ಅನ್ನುತ್ತಾನೆ, ಏನೋ ಒಂದಾಗುತ್ತದೆ. ಇಲ್ಲಿ ಎಲ್ಲರೂ ಮೆತ್ತಗೆ ತಲೆಯಾಡಿಸುತ್ತಾರೆ. ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಅಜ್ಜಿ ಡಬ್ಬಿಯನ್ನು ಚೀಲಕ್ಕಿಟ್ಟುಕೊಂಡು, ಫೋನ್ ನಂಬರ್ ನನ್ನ ಕೈಗೆ ಕೊಟ್ಟು, ಸಂಜೆಯ ರೈಲಿಗೆ ಹೊರಟರು. ನಾನು ಏನಾದರೂ ಮಾಡುತ್ತೇನೆ ಎಂದೆ. 'ಶ್ಯುಪ್' ಎಂದರು.

ಮರುದಿನ ಮಧ್ಯಾಹ್ನ ಫೀಕಾ. ಕಾಫಿ, ದಾಲ್ಚಿನ್ನಿ ಬನ್ನು, ಎಲ್ಲರೂ ಮೇಜಿನ ಸುತ್ತ. ಮರಿಯಾನ ಉದ್ಘಾಟನೆಗೆ ಆರಿಸಿದ ಭಾಗವನ್ನು ಓದಿ ತೋರಿಸಿದಳು. ಎಲ್ಸಾಳದ್ದೇ. ಮೊದಲ ಚಳಿಗಾಲ ಮರದ ತೊಗಟೆ ಅರೆದು ಹಿಟ್ಟಿಗೆ ಬೆರೆಸಿದ್ದು, ಗಂಡನ ಹೆಣವನ್ನು ನೆಲ ಕರಗುವವರೆಗೆ ಕಣಜದಲ್ಲಿಟ್ಟುಕೊಂಡದ್ದು, ಹಾಲು ಕರೆಯಲು ಹೋಗುವಾಗ ದಿನಾ ಅವನ ಪಕ್ಕದಲ್ಲೇ ಹಾದುಹೋದದ್ದು. ಚೆನ್ನಾಗಿ ಓದಿದಳು. ಒಬ್ಬಿಬ್ಬರ ಕಣ್ಣು ಒದ್ದೆಯಾದವು. ಕೊನೆಯಲ್ಲಿ ಕಾಗದ ಮಡಿಸಿ, "ಎಂಥ ಕಲ್ಪನೆ ಅಲ್ವಾ ಯೋನಾಸಂದು!" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಬನ್ನನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿದೆ. ದಾಖಲೆಯ ಕೋಣೆಯಲ್ಲಿ ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ಆಗಷ್ಟೇ ಹೆರೆದದ್ದೊಂದು ಮೇಜಿನ ಮೇಲಿತ್ತು, ಸಿಪ್ಪೆ ಪಕ್ಕದಲ್ಲೇ ಬಿದ್ದಿತ್ತು. ಎಲ್ಸಾಳ ಅರ್ಜಿ ತೆಗೆದೆ. ಯೋಚಿಸಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಗುರುತಿನ ಪಕ್ಕ ಬಿಟ್ಟಿದ್ದ ಜಾಗದಲ್ಲಿ ತಾತ ಬರೆಯುತ್ತಿದ್ದ ಹಾಗೇ, ದುಂಡಗೆ, ಕನ್ನಡದಲ್ಲಿ ಬರೆದೆ:

'ಇದು ಎಲ್ಸಾ ಎಂಬುವಳು ಓದಿಸಿ ಕೇಳಿ ಒಪ್ಪಿ ಹಾಕಿದ ಗುರುತು. ಬಿಕ್ಕಲಂ ಯೋನಾಸ್ ಮೇಷ್ಟ್ರು.'

ಬರೆದಾದ ಮೇಲೆ ಎದೆ ಹಗುರಾಯಿತು. ನಿಜ ಹೇಳುತ್ತೇನೆ, ಬಹಳ ಹಗುರಾಯಿತು. ಆ ಹಗುರದಲ್ಲೇ ಕಾಗದ ಹಿಡಿದು ಮೇಲೆ ಹೋಗಿ ಮರಿಯಾನಳ ಮುಂದಿಟ್ಟೆ. ಅವಳ ಮುಖದ ರಕ್ತ ಇಳಿದುಹೋಯಿತು.

"ಸರೋಯಾ. ಮೂಲ ಕಾಗದದ ಮೇಲೆ ಬರೆದೆಯಾ?"

ಆಗ ಗೊತ್ತಾಯಿತು ನಾನು ಏನು ಮಾಡಿದೆ ಅಂತ. ದಾಖಲೆ ಕಾಯುವವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಎಂ.ಎ. ಓದಿದವಳು ನಾನು, ಗೊತ್ತಿರಲಿಲ್ಲವೆಂದು ಹೇಳುವ ಹಾಗೂ ಇರಲಿಲ್ಲ. ಆದರೆ ನನ್ನ ಕೈಗೆ ಅದು ಚರಿತ್ರೆಯ ಕಾಗದವಾಗಿ ಕಾಣಲೇ ಇಲ್ಲ. ಹೊಂಗೆ ಮರದಡಿಯ ಅರ್ಧ ಮುಗಿದ ಅರ್ಜಿಯಾಗಿ ಕಂಡಿತ್ತು.

ಯಾರೂ ಕೂಗಾಡಲಿಲ್ಲ. ಒಂದು ಫಾರಂ ತುಂಬಿಸಿಕೊಂಡರು, ಬರೆದದ್ದು ಯಾವ ಭಾಷೆ, ಏನು ಎಂದು ಯಾರೂ ಕೇಳಲಿಲ್ಲ. ನನ್ನ ಪ್ರವೇಶದ ಕಾರ್ಡು ವಾಪಸ್ ತೆಗೆದುಕೊಂಡರು. ಉಳಿದ ಎರಡು ತಿಂಗಳು ಮನೆಯಲ್ಲೇ ಇರು ಎಂದರು, ಅದೂ ನನ್ನ ಆರೋಗ್ಯದ ಮೇಲಿನ ಕಾಳಜಿಯ ದನಿಯಲ್ಲಿ. ಎಲ್ಸಾಳ ಅರ್ಜಿಯನ್ನು 'ಹಾನಿಗೊಂಡ ದಾಖಲೆ' ಎಂದು ಲಕೋಟೆಗೆ ಹಾಕಿ, ಮುದ್ರೆ ಒತ್ತಿ, ಕಬ್ಬಿಣದ ಬೀರುವಿನೊಳಗಿಟ್ಟರು. ಕಾಗದದ ತಜ್ಞರು ಮೇ ತಿಂಗಳಲ್ಲಿ ನೋಡುತ್ತಾರೆ, ಅಲ್ಲಿಯವರೆಗೆ ಯಾರಿಗೂ ತೋರಿಸುವಂತಿಲ್ಲ, ಪ್ರತಿ ತೆಗೆಯುವಂತಿಲ್ಲ.

ಮೇ ತಿಂಗಳು. ಅಜ್ಜಿಯ ವಿಚಾರಣೆ ಮಾರ್ಚ್.

ಮನೆಗೆ ಬರುವ ರೈಲಿನಲ್ಲಿ, ಉಲ್ರಿಕ್ಸ್‌ಡಾಲ್ ಸ್ಟೇಷನ್ ದಾಟುವಾಗ, ನನಗೆ ಬುದ್ಧಿ ಬಂತು. ಸ್ಕ್ಯಾನರ್ ನನ್ನ ಕೈಯಲ್ಲೇ ಇತ್ತಲ್ಲ! ಚೌಕಟ್ಟನ್ನು ನಾಲ್ಕು ಬೆರಳು ಕೆಳಕ್ಕೆ ಎಳೆದು, ಇಡೀ ಪುಟ ಸ್ಕ್ಯಾನ್ ಮಾಡಿ, ಒಂದು ಪ್ರತಿ ಅಂಚೆಗೆ ಹಾಕಿದ್ದರೆ ಐದು ನಿಮಿಷದ ಕೆಲಸ. ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಎರಡು ತಿಂಗಳು ಅದೇ ಬಟನ್ ಒತ್ತಿದವಳಿಗೆ ಅದು ಹೊಳೆಯಲಿಲ್ಲ. ಸಿಟ್ಟು ಹೊಳೆಯಲು ಬಿಡಲಿಲ್ಲ.

ಬೆರಿತ್ ಅಜ್ಜಿ ಬೆಣ್ಣೆ ಡಬ್ಬಿ ಒಂದನ್ನೇ ಹಿಡಿದು ವಿಚಾರಣೆಗೆ ಹೋದರು. ಕಂಪನಿಯ ವಕೀಲ ಡಬ್ಬಿಯನ್ನು ತಿರುಗಿಸಿ ನೋಡಿ, ಬಹಳ ಸುಂದರವಾಗಿದೆ, ಆದರೆ ಇದರಿಂದ ಏನು ಗೊತ್ತಾಗಬೇಕು ಎಂದನಂತೆ. ದಂಡೆ ಹೋಯಿತು. ಗುಡಿಸಲು ಬಿಚ್ಚಲು ಬೇಸಿಗೆಯವರೆಗೆ ಗಡುವು ಕೊಟ್ಟರು. ನಾನು ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಪೆನ್ಸಿಲ್, ಕನ್ನಡ, ಬೀರು, ಯಾವುದನ್ನೂ ಬಿಡಲಿಲ್ಲ. ನಾನು ಅಳುತ್ತಿದ್ದೆ.

"ಅಳೋದ್ ನಿಲ್ಸು," ಎಂದರು ಅಜ್ಜಿ. "ನನ್ ಪರವಾಗಿ ಸಿಟ್ಟು ಮಾಡ್ಕಂಡೆ, ಸಂತೋಷ. ಆದ್ರೆ ಮೊದ್ಲು ಕಾಗದ ಕಳಿಸ್ಬೇಕಾಗಿತ್ತು ನೀನು. ಸಿಟ್ಟು ಆಮೇಲೆ ಮಾಡ್ಕಬಹುದಿತ್ತು. ಅದೇನು ಕೆಡೋ ಪದಾರ್ಥವಾ?"

ಅಷ್ಟು ಹೇಳಿ ಫೋನ್ ಇಟ್ಟರು. ಮತ್ತೆ ನಾವು ಮಾತಾಡಲಿಲ್ಲ. ಕೆಲವು ವರ್ಷದ ಮೇಲೆ ತೀರಿಕೊಂಡರೆಂದು ಅವರ ತಮ್ಮನ ಮಗ ಎರಡು ಸಾಲು ಬರೆದಿದ್ದ.

ಆ ಬೇಸಿಗೆಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಅಮೂಲ್ಯಳನ್ನು ದಿನಾ ಸಂಜೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದೆ. ಅವಳು ಸ್ವೀಡಿಷ್‌ನಲ್ಲಿ ಹಟ ಮಾಡಿದಳು, ನಾನು ಕನ್ನಡದಲ್ಲಿ ಹಟ ಮಾಡಿದೆ. ಪ್ರೀತಿಯಿಂದ ಕಲಿಸಿದೆ ಎಂದು ಜನ ತಿಳಿಯುತ್ತಾರೆ. ಇಲ್ಲ, ಹೊಟ್ಟೆಯೊಳಗಿನ ಬೆಂಕಿಯಿಂದ ಕಲಿಸಿದೆ.

ಮೊನ್ನೆ ಪೆನ್ಸಿಲ್ ಹೆರೆಯುತ್ತಿದ್ದವಳು ಅವಳೇ. ಈಗ ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಸಾಸಿವೆ ಸೀದ ವಾಸನೆಗೆ ಕಿಟಕಿ ತೆಗೆದು, ಏನಾಯಿತೆಂದು ಕೇಳಿದಳು. ಹೇಳಿದೆ, ಮೊದಲ ಸಲ ಪೂರ್ತಿ. ಅವಳು ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ಎಳೆದುಕೊಂಡಳು. ಆ ಹಳೆಯ ಕಟ್ಟುಗಳೆಲ್ಲ ಈಗ ಇಂಟರ್ನೆಟ್ಟಿನಲ್ಲಿವೆಯಂತೆ, ಹೊಸದಾಗಿ ಸ್ಕ್ಯಾನ್ ಮಾಡಿ, ಇಡೀ ಪುಟ. ಹತ್ತು ನಿಮಿಷ ಹುಡುಕಿದಳು.

"ಅಮ್ಮ, ಬಾ ಇಲ್ಲಿ. ನಿನ್ ಹ್ಯಾಂಡ್‌ರೈಟಿಂಗ್."

ಅಳಿಸಿರಲಿಲ್ಲ. ಎಲ್ಸಾಳ ಗುರುತು, ಅದರ ಪಕ್ಕದಲ್ಲಿ ನನ್ನ ದುಂಡಗಿನ ಎರಡು ಸಾಲು. ಅಮೂಲ್ಯ ಬೆರಳಿಟ್ಟು ನಿಧಾನವಾಗಿ, ಒತ್ತಕ್ಷರಕ್ಕೆ ಎಡವುತ್ತಾ ಓದಿದಳು. ಇದು ಎಲ್ಸಾ ಎಂಬುವಳು ಓದಿಸಿ ಕೇಳಿ ಒಪ್ಪಿ ಹಾಕಿದ ಗುರುತು. ಎಲ್ಸಾಳ ಹೆಸರನ್ನು ಆ ಕಾಗದದಿಂದ ಬಾಯಿಬಿಟ್ಟು ಓದಿದ ಮೊದಲ ವ್ಯಕ್ತಿ ನನ್ನ ಮಗಳು. ಆಮೇಲೆ ಪಕ್ಕದ ಸ್ವೀಡಿಷ್ ವಿವರಣೆಯನ್ನು ಓದಿ ಹೇಳಿದಳು:

"ಅರ್ಜಿದಾರ, ಯೋನಾಸ್. ಕೆಳಗೆ ಒಂದು ಗುರುತು, ಯಾರದೆಂದು ತಿಳಿದಿಲ್ಲ. ಪಕ್ಕದಲ್ಲಿ ನಂತರದ ಕಾಲದ ಪೆನ್ಸಿಲ್ ಬರಹ, ಅಪರಿಚಿತ ಲಿಪಿ."

ತಿಳಿದಿಲ್ಲವಂತೆ! ಅಪರಿಚಿತವಂತೆ! ನಮ್ಮ ಬೆಂಗಳೂರಿನವರೇ ತುಂಬಿರುವ ಕಿಸ್ತಾದಲ್ಲಿ ಬಸ್ ಹತ್ತಿ, ಎದುರು ಕೂತವನನ್ನು ಕೇಳಿದ್ದರೂ ಸಾಕಾಗಿತ್ತು, ಹತ್ತರಲ್ಲಿ ಒಬ್ಬ ಓದಿ ಹೇಳುತ್ತಿದ್ದ. ಉತ್ತರವನ್ನು ಗುರುತಿನ ಮಗ್ಗುಲಲ್ಲೇ ಇಟ್ಟುಕೊಂಡು ಇಷ್ಟು ವರ್ಷ ಒಬ್ಬರೂ ಕೇಳಲಿಲ್ಲ.

ಪುಟದ ಕೆಳಗೆ ತಿದ್ದುಪಡಿ ಸೂಚಿಸುವ ಫಾರಂ ಇತ್ತು. ಅಮೂಲ್ಯ ಸ್ವೀಡಿಷ್‌ನಲ್ಲಿ ತಾನು ತುಂಬಿಸುತ್ತೇನೆ ಎಂದಳು. ಈ ಸಲ ನಾನು ಅವಸರಪಡಲಿಲ್ಲ. ಮೊದಲು ಆ ಇಡೀ ಪುಟವನ್ನು ಎರಡು ಪ್ರತಿ ಮುದ್ರಿಸಿ, ಒಂದನ್ನು ಬೆರಿತ್ ಅಜ್ಜಿಯ ತಮ್ಮನ ಮಗನ ವಿಳಾಸಕ್ಕೆ ಲಕೋಟೆಗೆ ಹಾಕಿ, ಸ್ಟಾಂಪ್ ಹಚ್ಚಿ, ಬೀದಿಯ ತುದಿಯ ಹಳದಿ ಅಂಚೆ ಡಬ್ಬಿಗೆ ಹಾಕಿ ಬಂದೆ. ಆಮೇಲೆ ಕೂತು ಫಾರಂ ತುಂಬಿದೆ, ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ. ಎಲ್ಸಾ ಯಾರು, ಬೆಣ್ಣೆ ಡಬ್ಬಿ ಯಾರ ಹತ್ತಿರ ಇತ್ತು, ದಂಡೆ ಯಾರಿಗೆ ಹೋಯಿತು, ಎಲ್ಲವನ್ನೂ ಬರೆದೆ.

"ಅವ್ರಿಗೆ ಅರ್ಥ ಆಗಲ್ಲ ಅಮ್ಮ," ಎಂದಳು ಮಗಳು.

"ಓದಿಸ್ಕೊಳ್ಳಲಿ," ಎಂದೆ.

ಈ ದಾಖಲೆಗೂ ನಿಮಗೂ ಏನು ಸಂಬಂಧ ಎಂದು ಕೊನೆಯಲ್ಲೊಂದು ಖಾನೆ ಇತ್ತು. ಅದರಲ್ಲಿ ಬಿಕ್ಕಲಂ ಸರೋಜ ಎಂದು ಬರೆದು ಕಳಿಸಿದೆ.